ಕಾಲೇಜು ಶುಲ್ಕಕ್ಕೆ ದುಡ್ಡು ಎಲ್ಲಿಂದ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪಿಯುಸಿ ಫಲಿತಾಂಶ ಬಂದ ಮೇಲೆ ಈ ವಿಭಾಗಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ದುಡ್ಡಿನ ಚಿಂತೆಯವು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಅರ್ಜಿಯ ಕೊನೆಯ ದಿನಾಂಕಗಳು ವರ್ಷ ವರ್ಷ ಬದಲಾಗುತ್ತವೆ. ಅವನ್ನು ಆಯಾ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ಮಗಳಿಗೆ ಪಿಯುಸಿ ವಿಜ್ಞಾನದಲ್ಲಿ ಶೇ 81 ಬಂದಿದೆ. ಸಿಇಟಿ ರ‍್ಯಾಂಕ್ ಅಷ್ಟೇನೂ ಮುಂದಿಲ್ಲ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್‌ಗೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ, ಸ್ಕಾಲರ್‌ಶಿಪ್, ಬ್ಯಾಂಕ್ ಸಾಲ ಎಲ್ಲ ಆಮೇಲೆ ಆಗುತ್ತದೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. 50 ಸಾವಿರ ಮುಂಗಡ ಕೇಳುತ್ತಿದ್ದಾರೆ. ನಮ್ಮ ಆದಾಯ ವರ್ಷಕ್ಕೆ ಎರಡು ಲಕ್ಷದೊಳಗೆ. ಕೊಡಬಹುದೇ?
— ಒಬ್ಬ ತಾಯಿ, ಕೊಪ್ಪಳ

ಉತ್ತರ: ಕೊಡಬೇಡಿ ತಾಯಿ. ಸೀಟು ಯಾವ ದಾರಿಯಲ್ಲಿ ಸಿಕ್ಕಿತು ಅನ್ನುವುದರ ಮೇಲೆಯೇ ಮುಂದಿನ ನಾಲ್ಕು ವರ್ಷ ಯಾವ ನೆರವು ಸಿಗುತ್ತದೆ ಅನ್ನುವುದು ನಿಂತಿರುತ್ತದೆ. ಸರ್ಕಾರದ ಶುಲ್ಕ ಮರುಪಾವತಿ, ನಿಗಮಗಳ ಕಡಿಮೆ ಬಡ್ಡಿಯ ಸಾಲ, ಕೇಂದ್ರದ ಬಡ್ಡಿ ಸಹಾಯಧನ ಇವೆಲ್ಲ ಬಹುಮಟ್ಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಮೂಲಕ ಮೆರಿಟ್ ಮೇಲೆ ಸೀಟು ಪಡೆದವರಿಗೇ. ಪಿಎಂ ವಿದ್ಯಾಲಕ್ಷ್ಮಿ ಸಾಲ ಯೋಜನೆ ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಅನ್ವಯಿಸುವುದೇ ಇಲ್ಲ. ಅಂದರೆ ಹೆಚ್ಚು ಶುಲ್ಕ ಕಟ್ಟುವವರಿಗೇ ನೆರವು ಕಡಿಮೆ. ಏಜೆಂಟರು ಮುಚ್ಚಿಡುವುದು ಇದನ್ನೇ.

ನೀವು ಮೊದಲು ನೋಡಬೇಕಾದದ್ದು ಎಸ್‌ಎನ್‌ಕ್ಯು, ಅಂದರೆ ಸೂಪರ್ ನ್ಯೂಮರರಿ ಕೋಟಾ. ಒಂದು ವಿಭಾಗಕ್ಕೆ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5 ಸೀಟು ಈ ಕೋಟಾದಲ್ಲಿ ಇರುತ್ತದೆ. 60 ಸೀಟಿನ ವಿಭಾಗವಾದರೆ 3. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಬೋಧನಾ ಶುಲ್ಕ ಮನ್ನಾ ಆಗುತ್ತದೆ. ವಿಶ್ವವಿದ್ಯಾಲಯದ ಶುಲ್ಕ, ಪರೀಕ್ಷಾ ಶುಲ್ಕದಂಥವನ್ನು ಮಾತ್ರ ಕಟ್ಟಬೇಕು. ಒಳ್ಳೆಯ ಕಾಲೇಜುಗಳಲ್ಲಿ ಈ ಸೀಟಿಗೂ ಪೈಪೋಟಿ ಜೋರು. ಆದ್ದರಿಂದ ಆಯ್ಕೆ ಪಟ್ಟಿ ತುಂಬುವಾಗ ಬೆಂಗಳೂರನ್ನಷ್ಟೇ ನೆಚ್ಚಿಕೊಳ್ಳದೆ ಸುತ್ತಲ ಜಿಲ್ಲೆಗಳ ಕಾಲೇಜುಗಳನ್ನೂ ಸೇರಿಸಿ. ಒಂದು ಎಚ್ಚರಿಕೆ: ಈ ಕೋಟಾದಲ್ಲಿ ಸೇರಿದ ಮೇಲೆ ಕಾಲೇಜಾಗಲಿ ವಿಭಾಗವಾಗಲಿ ಬದಲಿಸಲು ಅವಕಾಶವಿಲ್ಲ.

ಈ ಸೀಟು ಕೈತಪ್ಪುವುದು ಹೆಚ್ಚಾಗಿ ರ‍್ಯಾಂಕಿನಿಂದಲ್ಲ, ಕಾಗದದಿಂದ. ನಾಡಕಚೇರಿಯಲ್ಲಿ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಯಲ್ಲಿ ಅದನ್ನು ನಮೂದಿಸಿ, ಎಸ್‌ಎನ್‌ಕ್ಯು ಬೇಕು ಎಂದು ಕೇಳಿಕೊಂಡಿರಬೇಕು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಈ ಹೊತ್ತಿಗೆ ತೀರಿರಬಹುದು. ಅರ್ಜಿಯಲ್ಲಿ ಬಿಟ್ಟುಹೋಗಿದ್ದರೆ ಕೆಇಎ ತಿದ್ದುಪಡಿಗೆ ಅವಕಾಶ ಕೊಡುವ ದಿನಗಳಲ್ಲೇ ಸರಿಪಡಿಸಿಕೊಳ್ಳಿ.

ಮಗಳು ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಮಾನ್ಯತೆಯ ಕಾಲೇಜು ಸೇರಿದರೆ ‘ಪ್ರಗತಿ’ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿಸಿ. ತಾಂತ್ರಿಕ ಪದವಿ, ಡಿಪ್ಲೊಮಾ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರಿಗೆ. ಸರ್ಕಾರದ ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ಎರಡೂ ದಕ್ಕುವುದಿಲ್ಲ. ಯಾವುದು ಹೆಚ್ಚೋ ಅದನ್ನು ಇಟ್ಟುಕೊಳ್ಳಿ.

ಸರ್ಕಾರಿ ಸೀಟು ಯಾವುದೂ ಸಿಗದಿದ್ದರೂ ದಾರಿ ಮುಚ್ಚಿಲ್ಲ. ಪಿಯುಸಿ ವಿಜ್ಞಾನ ಪಾಸಾದವರು ಸರ್ಕಾರಿ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಎರಡು ವರ್ಷ ಡಿಪ್ಲೊಮಾ ಮುಗಿಸಿ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಬರೆದರೆ ಬಿಇ ಎರಡನೇ ವರ್ಷಕ್ಕೆ ಪ್ರವೇಶ. ಒಟ್ಟು ಒಂದು ವರ್ಷ ಹೆಚ್ಚು ಹಿಡಿಯುತ್ತದೆ ನಿಜ. ಆದರೆ ಖರ್ಚು ಮ್ಯಾನೇಜ್‌ಮೆಂಟ್ ಸೀಟಿನ ಹತ್ತಿರಕ್ಕೂ ಬರುವುದಿಲ್ಲ, ನಡುವೆ ಕೆಲಸಕ್ಕೆ ಸೇರುವಷ್ಟು ವಿದ್ಯೆಯೂ ಕೈಯಲ್ಲಿರುತ್ತದೆ.

ಪ್ರಶ್ನೆ: ನನ್ನ ತಮ್ಮ ಬಿಕಾಂ ಎರಡನೇ ವರ್ಷದಲ್ಲಿದ್ದಾನೆ. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಅರ್ಜಿ ಮಂಜೂರಾಗಿದೆ ಅಂತ ತೋರಿಸುತ್ತದೆ, ಖಾತೆಗೆ ಮಾತ್ರ ಹಣ ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಲಿಂಕ್ ಆಗಿದೆ ಅನ್ನುತ್ತಾರೆ. ಕಾಲೇಜಿನವರು ನಮಗೆ ಗೊತ್ತಿಲ್ಲ ಅನ್ನುತ್ತಾರೆ.
— ಓದುಗರು, ಚಿಕ್ಕೋಡಿ

ಉತ್ತರ: ಬ್ಯಾಂಕಿನವರು ಹೇಳುತ್ತಿರುವುದೂ ನಿಜ ಇರಬಹುದು, ಹಣ ಬರದಿರುವುದೂ ನಿಜ. ಖಾತೆಗೆ ಆಧಾರ್ ಜೋಡಿಸುವುದೇ ಬೇರೆ, ಎನ್‌ಪಿಸಿಐ ಮ್ಯಾಪಿಂಗ್ ಬೇರೆ. ಮೊದಲನೆಯದು ಬ್ಯಾಂಕಿನ ಒಳಗಿನ ಕೆವೈಸಿ ದಾಖಲೆ. ಎರಡನೆಯದು, ‘ಈ ಆಧಾರ್ ಸಂಖ್ಯೆಗೆ ಬರುವ ಸರ್ಕಾರಿ ಹಣವೆಲ್ಲ ಈ ಬ್ಯಾಂಕಿಗೆ’ ಎಂಬ ರಾಷ್ಟ್ರಮಟ್ಟದ ದಾಖಲೆ. ವಿದ್ಯಾರ್ಥಿವೇತನ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಈ ಎರಡನೆಯ ದಾಖಲೆ ನೋಡಿ ಬರುತ್ತದೆ. ಒಬ್ಬರ ಆಧಾರ್‌ಗೆ ಒಂದು ಸಮಯಕ್ಕೆ ಒಂದೇ ಬ್ಯಾಂಕು, ಕೊನೆಯಲ್ಲಿ ಮ್ಯಾಪ್ ಆದದ್ದೇ ಊರ್ಜಿತ.

ಹೀಗಾಗಿ ನಿಮ್ಮ ತಮ್ಮ ಯಾವಾಗಲೋ ಊರಿನ ಅಂಚೆ ಕಚೇರಿಯಲ್ಲಿ ಹೆಬ್ಬೆಟ್ಟು ಕೊಟ್ಟು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆದಿದ್ದರೆ, ಅಥವಾ ಮೊಬೈಲಿನಲ್ಲೇ ಒಂದು ಖಾತೆ ಮಾಡಿಕೊಂಡಿದ್ದರೆ ಹಣ ಅಲ್ಲಿಗೆ ಹೋಗಿರಬಹುದು. ಮೈಆಧಾರ್ ಜಾಲತಾಣಕ್ಕೆ ಒಟಿಪಿ ಹಾಕಿ ಒಳಹೋದರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬಲ್ಲಿ ಬ್ಯಾಂಕಿನ ಹೆಸರು ಕಾಣುತ್ತದೆ. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು ಅಷ್ಟೆ. ಆ ಬ್ಯಾಂಕಿನ ಖಾತೆಯನ್ನು ಮೊದಲು ನೋಡಿ. ಎಷ್ಟೋ ಸಲ ಹಣ ಅಲ್ಲೇ ಕುಳಿತಿರುತ್ತದೆ. ಸರ್ಕಾರದ ‘ಡಿಬಿಟಿ ಕರ್ನಾಟಕ’ (ಡಿಬಿಟಿ ಅಂದರೆ ಖಾತೆಗೆ ನೇರ ನಗದು ವರ್ಗಾವಣೆ) ಆ್ಯಪ್‌ನಲ್ಲೂ ಯಾವ ದಿನ, ಯಾವ ಬ್ಯಾಂಕಿಗೆ ಎಷ್ಟು ಹಣ ಹೋಯಿತು ಎಂಬುದು ಸಿಗುತ್ತದೆ.

ಬ್ಯಾಂಕ್ ಬದಲಿಸಬೇಕಿದ್ದರೆ ಶಾಖೆಯಲ್ಲಿ ಬರೀ ‘ಆಧಾರ್ ಲಿಂಕ್ ಮಾಡಿ’ ಅನ್ನಬೇಡಿ. ‘ಡಿಬಿಟಿಗಾಗಿ ಎನ್‌ಪಿಸಿಐ ಮ್ಯಾಪಿಂಗ್ ಮಾಡಿ’ ಎಂದು ಕೇಳಿ, ಒಪ್ಪಿಗೆ ನಮೂನೆಗೆ ಸಹಿ ಹಾಕಿ, ಕೆಲವು ದಿನ ಬಿಟ್ಟು ಅದೇ ಜಾಲತಾಣದಲ್ಲಿ ಮತ್ತೆ ನೋಡಿ.

ಇನ್ನೊಂದು ಅಡಚಣೆ ಪೂರ್ತಿ ಕೆವೈಸಿ ಇಲ್ಲದ ‘ಸಣ್ಣ ಖಾತೆ’. ಅದರಲ್ಲಿ ಒಂದು ಸಮಯಕ್ಕೆ 50,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ (ಸರ್ಕಾರಿ ನೆರವಿನ ಹಣ ಜಮೆಯಾಗುವಾಗ ಈ ಮಿತಿ ಲೆಕ್ಕಕ್ಕಿಲ್ಲ), ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ. ದೊಡ್ಡ ಮೊತ್ತದ ಶುಲ್ಕ ಮರುಪಾವತಿ ಇಲ್ಲಿ ಸಿಕ್ಕಿಕೊಳ್ಳಬಹುದು. ಫೋಟೊ, ವಿಳಾಸದ ದಾಖಲೆ ಕೊಟ್ಟು ಸಾಮಾನ್ಯ ಖಾತೆಯಾಗಿ ಬದಲಿಸಿಕೊಳ್ಳಿ.

ಅರ್ಜಿ ಮಂಜೂರಾತಿಗೆ ಮೊದಲೇ ನಿಂತುಹೋಗಿರುವ ಓದುಗರಿಗೂ ಇಲ್ಲೇ ಒಂದು ಮಾತು. ಹೆಸರಿನ ವ್ಯತ್ಯಾಸ ದೊಡ್ಡ ಕಾಟ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಎಂದಿದ್ದರೆ ಪೋರ್ಟಲ್ ಹೊಂದಿಸಿಕೊಳ್ಳುವುದಿಲ್ಲ. ಅಂಕಪಟ್ಟಿ ತಿದ್ದಿಸುವುದಕ್ಕಿಂತ ಅಂಕಪಟ್ಟಿ ತೋರಿಸಿ ಆಧಾರ್ ತಿದ್ದಿಸುವುದು ಸುಲಭ. ಇ-ದೃಢೀಕರಣ ಬಾಕಿ ಎಂದಿದ್ದರೆ ಶುಲ್ಕ ರಸೀದಿ, ವ್ಯಾಸಂಗ ಪ್ರಮಾಣಪತ್ರದ ಮೂಲ ಪ್ರತಿ ಹಿಡಿದು ನಿಮ್ಮ ಕಾಲೇಜಿನಲ್ಲೋ ತಾಲ್ಲೂಕಿನಲ್ಲೋ ಇರುವ ಇ-ದೃಢೀಕರಣ ಅಧಿಕಾರಿಯ ಬಳಿ ಹೋಗಿ. ಅರ್ಜಿ ಕಾಲೇಜಿನ ಲಾಗಿನ್‌ನಲ್ಲಿದೆಯೋ ಇಲಾಖೆಯ ಲಾಗಿನ್‌ನಲ್ಲಿದೆಯೋ ಎಂದು ‘ಸ್ಟೇಟಸ್’ನಲ್ಲಿ ನೋಡಿಕೊಂಡೇ ಜಗಳಕ್ಕೆ ಹೊರಡಿ. ಸಹಾಯವಾಣಿ 1902.

ಪ್ರಶ್ನೆ: ನನಗೆ ಸಿಇಟಿಯಲ್ಲಿ ಸರ್ಕಾರಿ ಕೋಟಾದ ಬಿಇ ಸೀಟು ಸಿಕ್ಕಿದೆ. ನಾಲ್ಕು ವರ್ಷಕ್ಕೆ ಶುಲ್ಕ, ಹಾಸ್ಟೆಲ್ ಸೇರಿ 6 ಲಕ್ಷ ಬೇಕು. ಊರಿನ ಬ್ಯಾಂಕಿನಲ್ಲಿ ಅಪ್ಪಾಜಿಯ ಬೆಳೆ ಸಾಲ ಬಾಕಿ ಇದೆ ಎಂದು ಬಾಯಿಮಾತಿನಲ್ಲೇ ಇಲ್ಲ ಅಂದುಬಿಟ್ಟರು. ಪಟ್ಟಣದ ಶಾಖೆಯವರು ನಿಮ್ಮ ಊರು ನಮ್ಮ ವ್ಯಾಪ್ತಿಗೆ ಬರಲ್ಲ ಅಂದರು. ಸಾಲ ತೀರಿಸೋದು ಆಗುತ್ತಾ ಅನ್ನೋ ಭಯವೂ ಇದೆ.
— ವಿದ್ಯಾರ್ಥಿ, ಹಾನಗಲ್

ಉತ್ತರ: ಊರು ವ್ಯಾಪ್ತಿಗೆ ಬರುವುದಿಲ್ಲ ಎಂಬ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವು ಕೇಳುವಂತಿಲ್ಲ. 7.5 ಲಕ್ಷದವರೆಗೆ ಅಡವಿಲ್ಲದೆ ಕೊಟ್ಟ ಸಾಲಕ್ಕೆ ಕೇಂದ್ರದ ಸಾಲ ಖಾತರಿ ನಿಧಿಯ ಆಸರೆ ಇದೆ. ನಿಮ್ಮ 6 ಲಕ್ಷ ಅದರೊಳಗೇ ಬರುತ್ತದೆ. ಆದ್ದರಿಂದ ಬಾಯಿಮಾತಿನ ವ್ಯವಹಾರ ಬಿಟ್ಟು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ದಿನಾಂಕ ಸಹಿತ ದಾಖಲೆ ಉಳಿಯುತ್ತದೆ. ತಿರಸ್ಕರಿಸುವುದಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ ಶಿಕ್ಷಣ ಸಾಲ ತಿರಸ್ಕರಿಸಲು ಮೇಲಿನ ಹಂತದ ಅಧಿಕಾರಿಯ ಸಮ್ಮತಿ ಬೇಕು.

ಅಪ್ಪಾಜಿಯ ಬಾಕಿಯ ವಿಷಯ ಬೇರೆ. ಅವರು ಸಹ-ಸಾಲಗಾರರಾಗುವುದರಿಂದ ಅವರ ಸಿಬಿಲ್ ವರದಿ, ಅಂದರೆ ಹಿಂದಿನ ಸಾಲಗಳ ಚರಿತ್ರೆ ನೋಡಿಯೇ ನೋಡುತ್ತಾರೆ. ಬೆಳೆ ಸಾಲ ಸುಸ್ತಿಯಾಗಿದ್ದರೆ ಮೊದಲು ಅದನ್ನು ನವೀಕರಿಸಿಕೊಳ್ಳುವುದು ಉತ್ತಮ. ಆಗದಿದ್ದರೆ ತಾಯಿಯನ್ನು ಸಹ-ಸಾಲಗಾರರನ್ನಾಗಿ ತೆಗೆದುಕೊಳ್ಳುವಂತೆ ಕೇಳಿ.

ಇನ್ನು ತೀರಿಸುವ ಲೆಕ್ಕ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ಕಂತು, ಬಡ್ಡಿ ಶೇ 9.5 ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಸರಳ ಬಡ್ಡಿಯಾಗಿ ಏರುತ್ತಲೇ ಇರುತ್ತದೆ. ಮೊದಲ ಕಂತಿಗೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಹೀಗೆ ಎಲ್ಲ ಸೇರಿ 1,99,500 ರೂಪಾಯಿ. ಅಂದರೆ ಮರುಪಾವತಿ ಶುರುವಾಗುವಾಗ 6 ಲಕ್ಷ ಹತ್ತಿರ ಹತ್ತಿರ 8 ಲಕ್ಷ. ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 10,350. ಹದಿನೈದು ವರ್ಷಕ್ಕಾದರೆ ಸುಮಾರು 8,350, ಆದರೆ ಒಟ್ಟು ಕಟ್ಟುವುದು 15 ಲಕ್ಷ ಮುಟ್ಟುತ್ತದೆ.

ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟಿಕೊಂಡು ಹೋದರೆ? ಮೊದಲ ವರ್ಷ ತಿಂಗಳಿಗೆ ಸುಮಾರು 1,190, ಎರಡನೇ ವರ್ಷ 2,375, ಕೊನೆಯ ಹೊತ್ತಿಗೆ 4,750. ಆಗ ಸಾಲ 6 ಲಕ್ಷದಲ್ಲೇ ನಿಂತು, ಹತ್ತು ವರ್ಷದ ಕಂತು ಸುಮಾರು 7,760ಕ್ಕೆ ಇಳಿಯುತ್ತದೆ. ಹೀಗೆ ಕಟ್ಟುವವರಿಗೆ ಹಲವು ಬ್ಯಾಂಕುಗಳು ಆ ಅವಧಿಯ ಬಡ್ಡಿಯಲ್ಲಿ ಶೇ 1 ರಿಯಾಯಿತಿಯನ್ನೂ ಕೊಡುತ್ತವೆ. ಮೊದಲ ಎರಡು ವರ್ಷವಾದರೂ ಕಟ್ಟಲು ನೋಡಿ ಎಂಬುದು ನಮ್ಮ ಸಲಹೆ.

ಆದರೆ ಅದಕ್ಕೂ ಮೊದಲು ಬಡ್ಡಿ ಸಹಾಯಧನ ಕೇಳಿ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆಯ ಸಂಸ್ಥೆಯಾದರೆ, ಓದಿನ ಅವಧಿ ಮತ್ತು ಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರವೇ ಭರಿಸುತ್ತದೆ. ಅಂದರೆ ಮೇಲಿನ ಸುಮಾರು ಎರಡು ಲಕ್ಷ ನಿಮ್ಮ ತಲೆಯ ಮೇಲೆ ಬರುವುದೇ ಇಲ್ಲ. ಆದಾಯ 8 ಲಕ್ಷದವರೆಗೆ ಇದ್ದು ಕಾಲೇಜು ಪಿಎಂ ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿದ್ದರೆ ಶೇ 3 ಬಡ್ಡಿ ರಿಯಾಯಿತಿ. ಸಾಲ ಮಂಜೂರಾದ ವರ್ಷವೇ ಆದಾಯ ಪ್ರಮಾಣಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಖೆಯವರು ಸಕಾಲದಲ್ಲಿ ವಿವರ ಏರಿಸದೆ ಸಹಾಯಧನ ತಪ್ಪಿದವರು ಬಹಳ ಮಂದಿ. ಪ್ರತಿವರ್ಷದ ಕಂತಿಗೆ ಹಿಂದಿನ ವರ್ಷದ ಅಂಕಪಟ್ಟಿ ಕೇಳುತ್ತಾರೆ. ಫಲಿತಾಂಶ ತಡವಾದರೆ ಕಂತೂ ತಡವಾಗುತ್ತದೆ. ಆ ಒಂದೆರಡು ತಿಂಗಳಿಗೆ ಕಾಲೇಜಿನಿಂದ ಮೊದಲೇ ಕಾಲಾವಕಾಶ ಕೇಳಿಟ್ಟುಕೊಳ್ಳಿ.

ಸಾಲಕ್ಕೆ ಸಹಿ ಹಾಕುವ ಮುನ್ನ ಇನ್ನೊಂದು ಬಾಗಿಲು ತಟ್ಟಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲ ಬರೀ ಶೇ 2ರ ದರದಲ್ಲಿ ಸಿಗುತ್ತದೆ. ಅರ್ಹರಾಗಿದ್ದರೆ ಅಲ್ಲಿ ಸಿಗುವಷ್ಟು ಪಡೆದು ಉಳಿದದ್ದಕ್ಕೆ ಮಾತ್ರ ಬ್ಯಾಂಕಿಗೆ ಹೋಗಿ.

ಪ್ರಶ್ನೆ: ಬಿಎಸ್ಸಿ, ಬಿಎ ಓದುವವರಿಗೆ ಏನೂ ಇಲ್ಲವೇ? ನಾವು ಸಾಮಾನ್ಯ ವರ್ಗ.
— ಓದುಗರು, ತೀರ್ಥಹಳ್ಳಿ

ಉತ್ತರ: ಇದೆ. ದ್ವಿತೀಯ ಪಿಯುಸಿಯಲ್ಲಿ ಮಂಡಳಿಯ ಮೇಲಿನ ಶೇ 20ರೊಳಗೆ ಬಂದಿದ್ದು, ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ವಿದ್ಯಾರ್ಥಿವೇತನ ಪದವಿಯ ಮೂರು ವರ್ಷ ವರ್ಷಕ್ಕೆ 12,000. ಇದಕ್ಕೆ ಜಾತಿಯ ಷರತ್ತಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೊದಲು ಒಟಿಆರ್, ಅಂದರೆ ಒಂದೇ ಬಾರಿಯ ನೋಂದಣಿ, ಮುಖ ದೃಢೀಕರಣ, ಆಮೇಲೆ ಅರ್ಜಿ. ನವೀಕರಣಕ್ಕೆ ಶೇ 50 ಅಂಕ, ಶೇ 75 ಹಾಜರಾತಿ ಬೇಕು. ಎರಡನೇ ವರ್ಷ ನವೀಕರಿಸಲು ಮರೆತು ಕಳೆದುಕೊಳ್ಳುವವರೇ ಹೆಚ್ಚು. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹೆಣ್ಣುಮಕ್ಕಳಾದರೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನವನ್ನು ಬಿಡಲೇಬೇಡಿ.

ಪ್ರಶ್ನೆ: ಯಜಮಾನರು ಗಾರೆ ಕೆಲಸ ಮಾಡುತ್ತಾರೆ. ಮಗನಿಗೆ ಹಿಂದುಳಿದ ವರ್ಗಗಳ ಹಾಸ್ಟೆಲ್ ಸಿಗಲಿಲ್ಲ.
— ಗೃಹಿಣಿ, ಸಿರಾ

ಉತ್ತರ: ಹಾಸ್ಟೆಲ್ ಸಿಗದವರಿಗೆಂದೇ ‘ವಿದ್ಯಾಸಿರಿ’ ಇದೆ. ಊಟ, ವಸತಿಗೆಂದು ವರ್ಷದಲ್ಲಿ ಹತ್ತು ತಿಂಗಳು ಹಣ ಸಿಗುತ್ತದೆ. ಎಸ್‌ಎಸ್‌ಪಿಯಲ್ಲೇ ಅರ್ಜಿ. ಯಜಮಾನರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಮಕ್ಕಳಿಗೆ ಶೈಕ್ಷಣಿಕ ಸಹಾಯಧನವೂ ಉಂಟು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದವರು ನೋಂದಾಯಿಸಿಕೊಳ್ಳಬಹುದು. ಕಾರ್ಡ್ ಇದ್ದರೆ ಅವಧಿ ನೋಡಿ, ನವೀಕರಣವಾಗದ ಕಾರ್ಡಿಗೆ ಅರ್ಜಿ ಸ್ವೀಕಾರವಾಗುವುದಿಲ್ಲ.

ಪ್ರಶ್ನೆ: ‘ನೀವು ಸ್ಕಾಲರ್‌ಶಿಪ್‌ಗೆ ಆಯ್ಕೆಯಾಗಿದ್ದೀರಿ, ಸಂಸ್ಕರಣಾ ಶುಲ್ಕ 499 ಕಟ್ಟಿ’ ಎಂದು ವಾಟ್ಸ್‌ಆ್ಯಪ್ ಸಂದೇಶ ಬಂದಿದೆ.
— ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಕಟ್ಟಬೇಡಿ. ಎಸ್‌ಎಸ್‌ಪಿಯಲ್ಲಾಗಲಿ ರಾಷ್ಟ್ರೀಯ ಪೋರ್ಟಲ್‌ನಲ್ಲಾಗಲಿ ವಿದ್ಯಾರ್ಥಿವೇತನ ಬಿಡುಗಡೆಗೆ ಶುಲ್ಕವೆಂಬುದೇ ಇಲ್ಲ. ಅರ್ಜಿಯನ್ನೇ ಹಾಕದೆ ಯಾರೂ ಆಯ್ಕೆ ಮಾಡುವುದೂ ಇಲ್ಲ. ಒಟಿಪಿ ಕೊಟ್ಟುಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ ಖಾತೆಯ ವಹಿವಾಟು ತಡೆಹಿಡಿಸಿ.