ಊರು ಬಿಟ್ಟು ರಂಗಕ್ಕೆ ಹೊರಟ ಹುಡುಗಿಯರು

ಪ್ರಶ್ನೆ: ನಾನು, ನನ್ನ ಮಗಳು ಸಂಜೆ ಹೊತ್ತು ಮೊಬೈಲಿನಲ್ಲಿ ಹಳೆಯ ಹಾಲಿವುಡ್ ಸಿನಿಮಾ ನೋಡುತ್ತೇವೆ. ಸಣ್ಣ ಊರಿನ ಹುಡುಗಿ ನಟಿಯಾಗಬೇಕು ಅಂತ ದೊಡ್ಡ ಪಟ್ಟಣಕ್ಕೆ ಹೋಗುವ ಕಥೆಗಳೇ ಜಾಸ್ತಿ. ಒಬ್ಬಳು ಒಂದೇ ರಾತ್ರಿಗೆ ಗೆದ್ದುಬಿಡುತ್ತಾಳೆ, ಇನ್ನೊಬ್ಬಳು ಸೋತು ಸುಣ್ಣವಾಗುತ್ತಾಳೆ. ಡಿಗ್ರಿ ಮುಗಿಸಿದ ನನ್ನ ಮಗಳಿಗೂ ನಾಟಕ ಕಲಿಯುವ ಆಸೆ. ಅವಳ ಅಪ್ಪ ಈ ಸಿನಿಮಾಗಳನ್ನೇ ತೋರಿಸಿ, ‘ನೋಡು, ಕೊನೆಗೆ ಏನಾಗ್ತದೆ’ ಅನ್ನುತ್ತಾರೆ. ಇವನ್ನು ಎಷ್ಟು ನಂಬಬಹುದು?
– ಒಬ್ಬ ತಾಯಿ, ಹೊಸನಗರ

ಉತ್ತರ: ಅಮ್ಮಾ, ಆ ಹುಡುಗಿಯರ ಹಸಿವನ್ನು ಪೂರ್ತಿ ನಂಬಿ. ಅವರು ಗೆಲ್ಲುವ ರೀತಿಯನ್ನು ಮಾತ್ರ ನಂಬಬೇಡಿ.

1933ರ ‘ಮಾರ್ನಿಂಗ್ ಗ್ಲೋರಿ’ ನೋಡಿದ್ದೀರಲ್ವಾ? ಕ್ಯಾಥರೀನ್ ಹೆಪ್‌ಬರ್ನ್ ಅವರಿಗೆ ಮೊದಲ ಆಸ್ಕರ್ ಬಂದಿದ್ದು ಅದಕ್ಕೇ. ವರ್ಮಾಂಟ್ ರಾಜ್ಯದ ಚಿಕ್ಕ ಊರಿನ ಹುಡುಗಿ, ಈವಾ ಲವ್‌ಲೇಸ್ ಅಂತ ತನಗೆ ತಾನೇ ಹೆಸರಿಟ್ಟುಕೊಂಡು ನ್ಯೂಯಾರ್ಕಿಗೆ ಬಂದಿದ್ದಾಳೆ. ಕೆಲಸವಿಲ್ಲ, ಹೊಟ್ಟೆಗೂ ಸರಿಯಾಗಿಲ್ಲ. ನಾಟಕದ ದೊಡ್ಡವರ ಪಾರ್ಟಿಯಲ್ಲಿ ಖಾಲಿ ಹೊಟ್ಟೆಗೆ ಶಾಂಪೇನ್ ಬೀಳುತ್ತದೆ, ತಲೆಗೇರುತ್ತದೆ. ಎಲ್ಲರ ಎದುರೇ ಶೇಕ್ಸ್‌ಪಿಯರ್ ನಾಟಕದ ಹ್ಯಾಮ್ಲೆಟ್‌ನ ಸ್ವಗತ ಶುರು ಮಾಡುತ್ತಾಳೆ. ಅದು ಮುಗಿದ ಮೇಲೆ ಜೂಲಿಯೆಟ್. ನನಗೆ ಆ ಚಿತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಅದು. ಮಾತು ಅವಳೊಳಗೆ ಎಷ್ಟು ದಿನದಿಂದ ಕಾದಿತ್ತು ಅಂತ ಗೊತ್ತಾಗುತ್ತದೆ.

ಆದರೆ ಅವಳಿಗೆ ಪಾತ್ರ ಸಿಗುವುದು ಹೇಗೆ? ಮೊದಲ ಪ್ರದರ್ಶನದ ದಿನ ನಾಯಕಿ ಹಣಕ್ಕಾಗಿ ಪಟ್ಟು ಹಿಡಿಯುತ್ತಾಳೆ, ಜಾಗ ಖಾಲಿಯಾಗುತ್ತದೆ. ಅದೇ ವರ್ಷದ ‘42ನೇ ಸ್ಟ್ರೀಟ್’ ಚಿತ್ರದಲ್ಲಿ ನಾಯಕಿಯ ಕಾಲಿಗೆ ಪೆಟ್ಟಾಗುತ್ತದೆ, ಹಿಂದಿನ ಸಾಲಿನಲ್ಲಿ ಕುಣಿಯುತ್ತಿದ್ದ ಹುಡುಗಿ ಮುಂದೆ ಬರುತ್ತಾಳೆ. 1937ರ ‘ಸ್ಟೇಜ್ ಡೋರ್’ನಲ್ಲಿ ಹುಡುಗಿಯ ಶ್ರೀಮಂತ ಅಪ್ಪನ ದುಡ್ಡು ಗುಟ್ಟಾಗಿ ನಾಟಕಕ್ಕೆ ಬಿದ್ದಿರುತ್ತದೆ. ಯಾರದೋ ಜಗಳ, ಯಾರದೋ ಕಾಲು, ಯಾರದೋ ದುಡ್ಡು. ನಟನೆಯನ್ನು ಕ್ರಮವಾಗಿ ಕಲಿಯಬಹುದು ಅನ್ನುವ ಮಾತಿಗೆ ಇವುಗಳಲ್ಲಿ ಜಾಗ ತೀರಾ ಕಡಿಮೆ. 1925ರ ಮೂಕಿಚಿತ್ರ ‘ಸ್ಟೇಜ್ ಸ್ಟ್ರಕ್’ನಲ್ಲಿ ಹೋಟೆಲಲ್ಲಿ ಸಪ್ಲೈ ಮಾಡುವ ಗ್ಲೋರಿಯಾ ಸ್ವಾನ್‌ಸನ್ ಅಂಚೆಯಲ್ಲಿ ನಟನೆ ಕಲಿಯುತ್ತಾಳೆ. ಅದನ್ನೂ ನಗಿಸುವುದಕ್ಕೇ ಇಟ್ಟಿದ್ದಾರೆ.

ಇನ್ನು ಮನೆಗೆ ಮರಳುವ ಕಥೆಗಳು. 1923ರ ‘ದಿ ಎಕ್ಸ್‌ಟ್ರಾ ಗರ್ಲ್’ ತಗೊಳ್ಳಿ. ಇಲ್ಲಿ ಹುಡುಗಿ ಹೋಗುವುದು ಸಿನಿಮಾಕ್ಕೆ. ಫೋಟೋ ಅದಲುಬದಲಾಗಿ ಹಾಲಿವುಡ್ಡಿಗೆ ಕರೆ ಬರುತ್ತದೆ. ಹೋದರೆ ಸಿಗುವುದು ಬಟ್ಟೆಬರೆಯ ವಿಭಾಗದ ಕೆಲಸ. ಕೊನೆಗೆ ಮದುವೆ, ಮಗು. ಮಗುವಿನ ಬಾಯಲ್ಲಿ ಅಮ್ಮಾ ಅನ್ನಿಸಿಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡದು ಅನ್ನುತ್ತಾಳೆ. ಆ ಮಾತಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಪಾತ್ರ ಮಾಡಿದ ಮೇಬಲ್ ನಾರ್ಮಂಡ್ 1914ರಲ್ಲೇ ಚಿತ್ರಗಳನ್ನು ನಿರ್ದೇಶಿಸಿದ ಹೆಂಗಸು! ಅವಳ ಬದುಕು ಒಂದು ಹೇಳುತ್ತಿತ್ತು, ಅವಳ ಕೈಯಲ್ಲಿ ಹೇಳಿಸಿದ್ದು ಇನ್ನೊಂದು.

ಹೀಗೆ ಹೇಳಿಸಲು ಕಾರಣವೂ ಇತ್ತು. ಆಗ ಹಾಲಿವುಡ್ಡಿನಲ್ಲಿ ಒಂದರ ಮೇಲೊಂದು ಹಗರಣ. ಊರೂರಲ್ಲಿ ಚರ್ಚಿನವರು, ಮಹಿಳಾ ಸಂಘದವರು ಸಿನಿಮಾದ ಮೇಲೆ ಸಿಟ್ಟಾಗಿದ್ದರು. 1922ರಲ್ಲಿ ಕಂಪನಿಗಳೆಲ್ಲ ಸೇರಿ ವಿಲ್ ಹೇಸ್ ಅನ್ನುವವರನ್ನು ತಮ್ಮ ಮರ್ಯಾದೆ ಕಾಯುವುದಕ್ಕೆ ನೇಮಿಸಿಕೊಂಡವು. ಟಿಕೆಟ್ ಕೊಳ್ಳುವ ಅಪ್ಪ ಅಮ್ಮಂದಿರಿಗೆ ನೆಮ್ಮದಿ ಕೊಡುವ ಕೊನೆ ಬೇಕಿತ್ತು. ನಿಮ್ಮ ಯಜಮಾನರಿಗೆ ಆ ಕೊನೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ, ಅದನ್ನು ಮಾಡಿದ್ದೇ ಅಂಥವರಿಗಾಗಿ. ಹುಡುಗಿಯರು ಮಾತ್ರ ಬರುವುದು ನಿಲ್ಲಿಸಲಿಲ್ಲ. ಅವರಿಗೆ ಉಳಿಯಲು ಜಾಗ ಬೇಕು ಅಂತಲೇ 1916ರಲ್ಲಿ ಹಾಲಿವುಡ್ ಸ್ಟುಡಿಯೋ ಕ್ಲಬ್ ಎಂಬ ಹಾಸ್ಟೆಲ್ ಶುರುವಾಯಿತು.

ನಮ್ಮ ಕಡೆಯೂ ನಾಟಕದ ಹೆಂಗಸರನ್ನು ಕಂಡರೆ ಜನ ಮುಖ ತಿರುಗಿಸುತ್ತಿದ್ದರು. ನಾನು ಚಿಕ್ಕವಳಿದ್ದಾಗ ಸಾಗರದ ಮಾರಿಕಾಂಬಾ ಜಾತ್ರೆಗೆ ಕಂಪನಿ ನಾಟಕದವರು ಕ್ಯಾಂಪ್ ಹಾಕುತ್ತಿದ್ದರು. ಒಮ್ಮೆ ಒಬ್ಬ ನಟಿ ನಮ್ಮ ಹಿತ್ತಲ ಕೋಣೆ ಬಾಡಿಗೆಗೆ ಹಿಡಿದರು. ‘ನಾಟಕದವರಿಗೆ ಮನೆ ಕೊಟ್ರಾ?’ ಅಂತ ಕೇಳದವರಿಲ್ಲ. ಆಕೆ ಮಧ್ಯಾಹ್ನ ಬಾವಿಕಟ್ಟೆಯಲ್ಲಿ ಜರಿ ಕುಪ್ಪಸವನ್ನು ಒಳಮಗ್ಗುಲು ಮಾಡಿ, ಜರಿಗೆ ಉಜ್ಜು ತಾಗದ ಹಾಗೆ ಬೆರಳಲ್ಲೇ ಒಗೆಯುತ್ತಿದ್ದರು. ಪಕ್ಕದಲ್ಲಿ ಮಗು, ಬಾಯಲ್ಲಿ ರಾತ್ರಿಯ ಮಾತು. ತಪ್ಪಿದರೆ ಮತ್ತೆ ಮೊದಲಿಂದ. ಅಷ್ಟು ಶ್ರದ್ಧೆಯಿಂದ ಕೆಲಸ ಮಾಡುವವರನ್ನು ಅದಕ್ಕೂ ಮೊದಲು ನಾನು ನೋಡಿರಲಿಲ್ಲ. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಬರೀ ಹೆಂಗಸರ ನಾಟಕ ಮಂಡಳಿ ಕಟ್ಟಿ, ಕಂಸ, ರಾವಣರ ಪಾತ್ರ ತಾವೇ ಮಾಡಿದರಲ್ಲ, ಅದರ ಹಿಂದೆ ಇದ್ದಿದ್ದೂ ಇಂಥ ದುಡಿಮೆಯೇ.

ನಿಮ್ಮ ಮಗಳ ಪುಣ್ಯ, ಅವಳು ಯಾರ ಕಾಲು ಉಳುಕುವುದನ್ನೂ ಕಾಯಬೇಕಿಲ್ಲ. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ಅಲ್ಲೇ ಉಳಿದು ಕಲಿಯಬಹುದು. 1985ರಲ್ಲಿ ಶುರುವಾದ ತಿರುಗಾಟ ತಂಡ ನಾಟಕ ಹೊತ್ತುಕೊಂಡು ಊರೂರು ಸುತ್ತುತ್ತದೆ. ಶಿವಮೊಗ್ಗದಲ್ಲಿ ರಂಗಾಯಣವೂ ಇದೆ. ನಿಮ್ಮ ಯಜಮಾನರನ್ನೂ ಕರೆದುಕೊಂಡು ಒಂದು ನಾಟಕ ನೋಡಿ ಬನ್ನಿ. ನಾಟಕ ಮುಗಿದ ಮೇಲೆ ಅದರಲ್ಲಿ ಪಾತ್ರ ಮಾಡಿದ ಹುಡುಗಿಯರ ಹತ್ತಿರ ಯಜಮಾನರೇ ಮಾತಾಡಲಿ. ಸಂಬಳ ಎಷ್ಟು, ಊಟ ಹೇಗೆ, ಮುಂದೇನು ಅಂತ ಸಂಕೋಚ ಬಿಟ್ಟು ಕೇಳಲಿ. ನಾಟಕದಲ್ಲಿ ದುಡ್ಡು ಕಡಿಮೆ, ಅದನ್ನು ಮಗಳಿಂದ ಮುಚ್ಚಿಡಬೇಡಿ. ಆದರೆ ದಯವಿಟ್ಟು ಅವಳನ್ನು ತಡೆಯಬೇಡಿ.

ಪ್ರಶ್ನೆ: ಇಂಥ ಚಿತ್ರಗಳಲ್ಲಿ ಒಂದನ್ನೇ ನೋಡುವುದಾದರೆ ಯಾವುದು?
– ಕಾಲೇಜು ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ‘ಸ್ಟೇಜ್ ಡೋರ್’. ನಟಿಯರ ಹಾಸ್ಟೆಲ್ಲಿನ ಕಥೆ. ದಿನಾ ಅದೇ ಕುರಿ ಸಾರು ಅಂತ ಎಲ್ಲರೂ ಗೊಣಗುತ್ತಾರೆ. ಹಿಂದಿನ ಸೀಸನ್ನಿನಲ್ಲಿ ಹೆಸರು ಮಾಡಿದ ಕೇ ಎಂಬ ಹುಡುಗಿಗೆ ಈಗ ಪಾತ್ರವೇ ಇಲ್ಲ, ಊಟ ಬಿಟ್ಟು ದಿನ ದೂಡುತ್ತಾಳೆ. ಆಂಡ್ರಿಯಾ ಲೀಡ್ಸ್ ಆ ಪಾತ್ರ ಮಾಡಿದ್ದಾರೆ. ಹೆಪ್‌ಬರ್ನ್, ಜಿಂಜರ್ ರೋಜರ್ಸ್ ಇಬ್ಬರೂ ಇದ್ದಾರೆ, ಆದರೂ ನೀವು ಕೇಯನ್ನೇ ನೋಡುತ್ತಿರಿ. ಅವಳ ಕಥೆ ಎದೆಗೆ ಭಾರ. ರಾತ್ರಿ ಒಬ್ಬಳೇ ಕೂತು ನೋಡಬೇಡಿ, ಗೆಳತಿಯರನ್ನು ಕರೆದುಕೊಳ್ಳಿ.