ಹಳ್ಳದಲ್ಲಿ ಸಿಕ್ಕ ಗುಂಡುಕಲ್ಲು ಜಿಯೋಡ್ ಹೌದೋ ಅಲ್ಲವೋ, ಒಡೆಯದೆ ತಿಳಿಯುವುದು ಹೇಗೆ?

ಕಿವಿಗೆ ಹಿಡಿದು ಅಲ್ಲಾಡಿಸಿದೆ, ಸದ್ದೇ ಬರಲಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಗು ಬಂತು. ತೆಂಗಿನಕಾಯಿ ಆರಿಸುವವರ ಹಾಗೆ ಕಲ್ಲು ಅಲ್ಲಾಡಿಸುತ್ತಾ ನಾನೂ ಒಂದಿಡೀ ಬೇಸಿಗೆ ಕಳೆದಿದ್ದೇನೆ. ಜಿಯೋಡ್ ಅಂದರೆ ಒಳಗೆ ಪೊಳ್ಳಾಗಿ, ಆ ಪೊಳ್ಳಿನ ಗೋಡೆಗೆ ಸ್ಫಟಿಕ ಬೆಳೆದ ಕಲ್ಲು. ಸದ್ದು ಬರಬೇಕಾದರೆ ಒಳಗೆ ಸ್ಫಟಿಕದ ಚೂರು ಮುರಿದು ಬಿದ್ದಿರಬೇಕು. ಗೋಡೆಗೆ ಬಿಗಿಯಾಗಿ ಅಂಟಿ ಕೂತಿದ್ದರೆ ಅದು ಯಾಕೆ ಸದ್ದು ಮಾಡುತ್ತದೆ?

ನನ್ನ ಕಲ್ಲು ಸಿಕ್ಕಿದ್ದು ಬಸಾಲ್ಟಿನ, ಅಂದರೆ ಲಾವಾ ಆರಿ ಗಟ್ಟಿಯಾದ ಕಪ್ಪು ಬಂಡೆಯ, ಹಳ್ಳದಲ್ಲಿ. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಹಾಗೇ ಪೊಳ್ಳಾಗಿ ಉಳಿಯುತ್ತವೆ. ಖನಿಜ ಕರಗಿದ ನೀರು ಅದರೊಳಗೆ ಜಿನುಗಿ ಜಿನುಗಿ, ಸಾಮಾನ್ಯವಾಗಿ ಮೊದಲು ಅಗೇಟ್ ಎಂಬ ಪಟ್ಟೆಪಟ್ಟೆ ಬೆಣಚಿನ ಸಿಪ್ಪೆ ಕಟ್ಟುತ್ತದೆ, ಆಮೇಲೆ ಒಳಮುಖವಾಗಿ ಸ್ಫಟಿಕ ಬೆಳೆಯುತ್ತದೆ. ಸುತ್ತಲಿನ ಬಂಡೆ ಸವೆದು ಮಣ್ಣಾದ ಮೇಲೂ ಈ ಉಂಡೆ ಉಳಿದು ಹಳ್ಳಕ್ಕೆ ಉರುಳುತ್ತದೆ. ಅದಕ್ಕೇ ಹೇಳುವುದು, ಕೈಯಲ್ಲಿರುವ ಕಲ್ಲು ಬಿಟ್ಟು ಮೊದಲು ಹಳ್ಳದ ದಡ ನೋಡಿ. ಬಸಾಲ್ಟ್ ಇದೆಯೇ, ಅದರ ಮೈಯಲ್ಲಿ ತೂತುಗಳಿವೆಯೇ? ಸುಣ್ಣಕಲ್ಲಾದರೂ ಆದೀತು, ಅಮೆರಿಕದ ಅಯೋವಾದ ಹೆಸರುವಾಸಿ ಜಿಯೋಡ್‌ಗಳು ಹುಟ್ಟಿದ್ದು ಅಂಥ ಪದರಗಳಲ್ಲೇ. ಬರೀ ಗ್ರಾನೈಟ್ ಇದ್ದರೆ ನಿಮ್ಮದು ನೀರಿನಲ್ಲಿ ಉರುಳಿ ನುಣುಪಾದ ಮಾಮೂಲಿ ಗುಂಡುಕಲ್ಲೇ ಇರಬೇಕು. ಜಿಯೋಡ್ ಅಷ್ಟು ನುಣುಪಾಗಿರುವುದು ಕಡಿಮೆ, ಹೂಕೋಸಿನ ಹಾಗೆ ಗಂಟುಗಂಟಾಗಿರುತ್ತದೆ.

ಸದ್ದು ನಂಬದ ನಾನು ತೂಕ ನಂಬಿದೆ. ಗಾಳಿಯಲ್ಲಿ ತೂಗಿದಾಗ 850 ಗ್ರಾಂ. ದಾರ ಕಟ್ಟಿ ಬಕೆಟ್ ನೀರಿನಲ್ಲಿ ಮುಳುಗಿಸಿ, ತಳ ತಾಗದಂತೆ ತೂಗಿದಾಗ 480. ವ್ಯತ್ಯಾಸ 370, ಅದರಿಂದ 850 ಭಾಗಿಸಿದರೆ ಸಾಂದ್ರತೆ 2.3, ಅಂದರೆ ಅಷ್ಟೇ ಗಾತ್ರದ ನೀರಿನ 2.3 ಪಟ್ಟು ತೂಕ. ಬೆಣಚುಕಲ್ಲಿನ ಸಾಂದ್ರತೆ 2.65, ಬಸಾಲ್ಟಿನದು 3ರ ಹತ್ತಿರ. ಅಂದರೆ ಒಳಗೆ ಪೊಳ್ಳು! ಕುಣಿದಾಡಿಬಿಟ್ಟೆ. ಝಿಯೊಲೈಟ್ ಎಂಬ ಖನಿಜಗಳ ಸಾಂದ್ರತೆಯೇ 2.2ರ ಆಸುಪಾಸು, ಅವು ತುಂಬಿದ ಗಟ್ಟಿ ಉಂಡೆಯೂ ಇದೇ ಲೆಕ್ಕ ಕೊಡುತ್ತದೆ ಅನ್ನುವುದು ಆಗ ತಲೆಗೆ ಹೊಳೆದಿರಲಿಲ್ಲ.

ಒಡೆಯುವುದನ್ನು ಮಾತ್ರ ಸರಿಯಾಗಿ ಮಾಡಿದೆ. ಕಣ್ಣಿಗೆ ಕನ್ನಡಕ, ಮರಳಿನ ಮೇಲೆ ಕಲ್ಲು, ನಡುಮಧ್ಯದ ಗೆರೆಗುಂಟ ಉಳಿ ಇಟ್ಟು ಸಣ್ಣ ಸಣ್ಣ ಪೆಟ್ಟು, ತಿರುಗಿಸುತ್ತಾ ನಾಲ್ಕು ಸುತ್ತು. ಐದನೇ ಸುತ್ತಿನಲ್ಲಿ ಸುತ್ತಿಗೆಯ ದನಿ ಬದಲಾಯಿತು, ಕಲ್ಲು ಎರಡು ಹೋಳಾಯಿತು.

ಒಳಗೆ ನೇರಳೆ ಇರಲಿಲ್ಲ. ಬ್ರೆಜಿಲಿನ ಅಮೆಥಿಸ್ಟ್ ಎಂಬ ನೇರಳೆ ಹರಳಿನ ಚಿತ್ರ ನೋಡಿ ನೋಡಿ, ಜಿಯೋಡ್ ಅಂದರೆ ನೇರಳೆ ಹೊಳಪು ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಇಲ್ಲಿ ಒಂದಿಷ್ಟು ಹಳದಿ ಹರಳು, ಅದರ ಸುತ್ತ ಬೂಷ್ಟು ಹಿಡಿದ ಹಾಗೆ ಬಿಳಿ ನವಿರು. ಕೊಳೆ, ಸುಣ್ಣ, ಕೆಳಗೆ ಖಂಡಿತ ಒಳ್ಳೆಯ ಸ್ಫಟಿಕ ಇದೆ ಅಂದುಕೊಂಡೆ. ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಬಕೆಟ್ಟಿಗೆ ಸುರಿದು ಎರಡೂ ಹೋಳು ಮುಳುಗಿಸಿದೆ. ಎರಡೂ! ಇವತ್ತಿಗೂ ನನ್ನನ್ನು ಕೊರೆಯುವುದು ಇದೇ. ಒಂದನ್ನು ಹೊರಗಿಟ್ಟಿದ್ದರೆ ಸಾಕಿತ್ತು. ಬುಸ್ಸೆಂದು ನೊರೆ ಬಂತು, ಕೊಳೆ ಹೋಗುತ್ತಿದೆ ಅಂತ ಖುಷಿಪಟ್ಟೆ. ಹೋಗುತ್ತಿದ್ದದ್ದು ಹಳದಿ ಹರಳು. ಅದು ಕ್ಯಾಲ್ಸೈಟ್, ಆಸಿಡ್ಡಿಗೆ ಕರಗಿಹೋಗುತ್ತದೆ. ಮರುದಿನ ಬಿಳಿ ನವಿರು ಗಂಜಿಯಂಥ ಲೋಳೆಯಾಗಿ ಬಕೆಟ್ಟಿನ ತಳದಲ್ಲಿತ್ತು. ಒಡೆದ ಕೂಡಲೇ ತೆಗೆದ ಫೋಟೋ ನೋಡಿದ ತಿಳಿದವರೊಬ್ಬರು, ಅದು ಕೂದಲೆಳೆಯಂಥ ಸೂಜಿಗಳಾಗಿ ಬೆಳೆಯುವ ಝಿಯೊಲೈಟ್ ಅಂದರು, ಮೆಸೊಲೈಟ್ ಇರಬೇಕಂತೆ. 6.6 ಕೋಟಿ ವರ್ಷ ಹಳೆಯ ದಖನ್ ಬಸಾಲ್ಟ್ ಪ್ರಪಂಚದಲ್ಲಿ ಹೆಸರಾಗಿರುವುದೇ ಇಂಥವಕ್ಕೆ. ಉಳಿದದ್ದು ಎರಡು ಖಾಲಿ ಬೋಗುಣಿ.

ಆದ್ದರಿಂದ 'ಒಡೆಯದೆ ಹೇಗೆ' ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಡೆಯದೆ ಊಹಿಸಬಹುದು ಅಷ್ಟೇ. ದಡದ ಬಂಡೆ, ಗಂಟುಗಂಟು ಮೈ, ಹಗುರ ತೂಕ ಮೂರೂ ಕೂಡಿಬಂದರೆ ಒಡೆಯಿರಿ, ಎಕ್ಸ್‌ರೇ ಗಿಕ್ಸ್‌ರೇ ಅಂತ ಅಲೆಯಬೇಡಿ. ಗುರುತಿಸುವ ಕೆಲಸ ಶುರುವಾಗುವುದೇ ಆಮೇಲೆ. ಆರು ಮುಖ, ಚೂಪು ತುದಿ, ಚಾಕುವಿನಿಂದ ಗೀಚಿದರೂ ಗೆರೆ ಬೀಳದಿದ್ದರೆ ಬೆಣಚು. ಸುಲಭವಾಗಿ ಗೆರೆ ಬಿದ್ದು, ಕೆರೆದ ಪುಡಿಗೆ ಒಂದು ತೊಟ್ಟು ವಿನೆಗರ್ ಬಿಟ್ಟಾಗ ಗುಳ್ಳೆ ಎದ್ದರೆ ಕ್ಯಾಲ್ಸೈಟ್. ಈ ಪರೀಕ್ಷೆ ಅಂಚಿನ ಚೂರಿನ ಮೇಲೆ ಮಾತ್ರ. ಸೂಜಿಯಂಥದ್ದು, ನವಿರಿನಂಥದ್ದು ಕಂಡರೆ ಬ್ರಷ್ಷೂ ಬೇಡ, ಬೆರಳೂ ಬೇಡ.

ಒಡೆದ ಮೇಲೆ ಒಂದು ಹೋಳನ್ನು, ದಯವಿಟ್ಟು, ಬೀರುವಿನಲ್ಲಿಟ್ಟು ಬೀಗ ಹಾಕಿ. ಇನ್ನೊಂದಕ್ಕೆ ಏನು ಬೇಕಾದರೂ ಮಾಡಿಕೊಳ್ಳಿ.