ಕಲಬುರಗಿಯಲ್ಲಿ ಎಮರ್ಜೆನ್ಸಿ ನೈಟ್ ಡ್ಯೂಟಿ ಮಾಡುತ್ತಿದ್ದೇನೆ, ತುಂಬಾ ಸುಸ್ತು. ಧ್ಯಾನದ ಕೋರ್ಸ್ ಸೇರಲೇ?

ಬೇಡ. ಆ ದುಡ್ಡಲ್ಲಿ ಮೊದಲು ರೂಮು ಬದಲಿಸಿ.

ಇಲ್ಲಿಗೆ ಕೆಲಸಕ್ಕೆ ಬಂದಾಗ ಬಾಡಿಗೆ ಕಡಿಮೆ ಅಂತ ನಾನು ಮೇಲಿನ ಮಹಡಿಯ ರೂಮು ಹಿಡಿದಿದ್ದೆ. ಚಳಿಗಾಲದಲ್ಲಿ ಏನೂ ಅನ್ನಿಸಲಿಲ್ಲ. ಮೇ ತಿಂಗಳು ಬಂತು. ಕಲಬುರಗಿ ಬಿಸಿಲು ಗೊತ್ತಲ್ಲ, 42-43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸಲ್ಲ. ಆ ಕಾದ ಸ್ಲ್ಯಾಬಿನ ಕೆಳಗೆ ಹಗಲು ಮಲಗಬೇಕು. ಕೂಲರ್ ತಂದೆ. ಬೆಳಕು ಬರಬಾರದು ಅಂತ ಕಿಟಕಿ ಬಾಗಿಲು ಎಲ್ಲ ಮುಚ್ಚಿ ಕೂಲರ್ ಹಾಕಿದೆ. ಎಡವಿದ್ದು ಅಲ್ಲೇ. ಕೂಲರ್ ಎಸಿ ಅಲ್ಲ. ನೀರು ಆವಿಯಾಗುವಾಗ ಗಾಳಿ ತಂಪಾಗುತ್ತದೆ, ಅಷ್ಟೇ. ಆ ಒದ್ದೆ ಗಾಳಿ ಹೊರಗೆ ಹೋಗಲು ದಾರಿ ಬೇಕು. ಇಲ್ಲದಿದ್ದರೆ ರೂಮಿನ ತುಂಬ ತೇವ, ಬೆವರೂ ಆರಲ್ಲ. ಹೀಟ್ ಸ್ಟ್ರೋಕ್ ಆದವರಿಗೆ ಮೈಮೇಲೆ ನೀರು ಚಿಮುಕಿಸಿ ಫ್ಯಾನ್ ಹಾಕುವುದೂ ಇದೇ ಲೆಕ್ಕದ ಮೇಲೆ. ವಾರ್ಡಿನಲ್ಲಿ ಗೊತ್ತಿದ್ದದ್ದು ಸ್ವಂತ ರೂಮಿನಲ್ಲಿ ಹೊಳೆಯಲಿಲ್ಲ!

ಅರೆಬರೆ ನಿದ್ದೆ, ಮತ್ತೆ ನೈಟ್. ಬೆಳಗಿನ ಜಾವ ನಾಲ್ಕಕ್ಕೆ ಸ್ಟ್ರಾಂಗ್ ಚಹಾ. ಚಹಾದಲ್ಲಿ ನಿದ್ದೆ ಓಡಿಸುವ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಮನೆಗೆ ಹೋದರೂ ಕಣ್ಣು ಹತ್ತುತ್ತಿರಲಿಲ್ಲ. ಒಂದು ರಾತ್ರಿ ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದ ಹುಡುಗನನ್ನು ತಂದರು. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಐದೈದು ನಿಮಿಷಕ್ಕೆ ಆ ವಿಷಕ್ಕೆ ಕೊಡುವ ಅಟ್ರೋಪಿನ್ ಔಷಧಿಯ ಡೋಸ್ ಡಬಲ್ ಮಾಡುತ್ತಾ, ಎದೆಯಲ್ಲಿ ತುಂಬಿದ ನೀರು-ಕಫ ಒಣಗಿತಾ ಅಂತ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾ ಕೂರಬೇಕು. ನಡುವೆ ಎಷ್ಟು ಕೊಟ್ಟೆ ಅನ್ನೋದೇ ಮರೆತುಹೋಯ್ತು. ಸಿಸ್ಟರ್ ಅಂಗೈ ಮೇಲೆ ಬರೆದುಕೊಂಡಿದ್ದರು, ಬಚಾವ್. ಹುಡುಗ ಉಳಿದ. ನಾನು ಬೆಳಿಗ್ಗೆ ಜಗತ್ ಸರ್ಕಲ್ ಹತ್ತಿರ ಬೈಕ್ ಮೇಲೇ ತೂಕಡಿಸಿ ಡಿವೈಡರಿಗೆ ಗುದ್ದಿದೆ. ಕಾಲರ್ ಬೋನ್ ಮುರಿಯಿತು.

ಆಮೇಲೂ ಹಿರಿಯರೊಬ್ಬರು "ಮನಸ್ಸು ಗಟ್ಟಿ ಮಾಡ್ಕೋ" ಅಂದರು. ಮನಸ್ಸು ಗಟ್ಟಿಯಾಗೇ ಇತ್ತು ಸ್ವಾಮಿ, ನಿದ್ದೆ ಇರಲಿಲ್ಲ. ನಿಮ್ಮದೂ ಅದೇ ಕಥೆ ಅಂತ ನನ್ನ ಅನುಮಾನ.

ಕೆಳಗಿನ ಮಹಡಿಯ ರೂಮು ಹುಡುಕಿ. ದಪ್ಪ ಪರದೆ ಹಾಕಿ, ಅದರ ಹಿಂದೆ ಒಂದು ಕಿಟಕಿ ಸ್ವಲ್ಪ ತೆರೆದಿರಲಿ. ರಾತ್ರಿ ಎರಡರ ಮೇಲೆ ಚಹಾ ಮುಟ್ಟಬೇಡಿ. ಸಂದು ಸಿಕ್ಕರೆ 20 ನಿಮಿಷ ಒರಗಿ, ಯಾರು ಏನಾದರೂ ಅಂದುಕೊಳ್ಳಲಿ. ನೈಟ್ ಮುಗಿದ ಮೇಲೆ ಆಟೋದಲ್ಲಿ ಹೋಗಿ. ರಜೆ ಒಟ್ಟಿಗೆ ಸಿಗುತ್ತೆ ಅಂತ ಸಾಲು ಸಾಲು ನೈಟ್ ಕೇಳಿ ತಗೊಳ್ಳೋದಂತೂ ಬೇಡವೇ ಬೇಡ. ನಿದ್ದೆ ಸರಿಹೋದ ಮೇಲೂ ಡ್ಯೂಟಿಗೆ ಹೊರಡುವಾಗ ಅಳು ಬರುತ್ತಿದ್ದರೆ ಮಾತು ಬೇರೆ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.